ಎರಡೂ ದಡ ಮುಟ್ಟಿದ ವರ್ಷ

ಶಿವಮೊಗ್ಗದ ದಾರಿಯಲ್ಲಿ ಮಲವಗೊಪ್ಪ ದಾಟಿದ ಮೇಲೆ ಬಸ್ಸಿನ ಕಿಟಕಿಯ ಗಾಳಿಗೆ ಬೇರೆಯೇ ವಾಸನೆ. ಮಳೆ ಹಿಡಿದು ನಾಲ್ಕಾರು ದಿನ ಕಳೆದಿದ್ದರೆ ಅದು ಇನ್ನೂ ಗಾಢ. ಕೆಸರು, ಕೊಳೆತ ಎಲೆ, ಎಲ್ಲೋ ಮೇಲಿನ ಕಾಡಿನಲ್ಲಿ ಬುಡಮೇಲಾದ ಮರದ ಹಸಿ ಬೇರು, ಇಷ್ಟೂ ಕಲಸಿಕೊಂಡು ಬರುವ ಹೊಸ ನೀರಿನ ವಾಸನೆ. ಮೊನ್ನೆ ಅದನ್ನು ನನಗಿಂತ ಮೊದಲು ಹಿಡಿದವರು ಪಕ್ಕದಲ್ಲಿ ಕೂತಿದ್ದ ನಮ್ಮತ್ತೆ. ಎಂಬತ್ತು ದಾಟಿದವರು. ಕಣ್ಣು ಮಂಜು, ಕಿವಿ ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಮೂಗು ಮಾತ್ರ ಇನ್ನೂ ಎಳೆಯದು.

"ಬಂತು ಕಣೇ ಹೊಳೆ" ಎಂದು ಸೆರಗು ಸರಿಮಾಡಿಕೊಂಡು ಏಳಲು ಹೊರಟರು.

"ಕೂತ್ಕೊಳ್ಳಿ ಅಜ್ಜಿ, ಸ್ಟ್ಯಾಂಡು ಇನ್ನೂ ಮುಂದಿದೆ, ಸೇತುವೆ ದಾಟ್ಬೇಕು" ಎಂದ ಕಂಡಕ್ಟರ್.

"ಸೇತುವೆ ದಾಟಿ ನಾನೇನು ಮಾಡ್ಲಿ ಮಾರಾಯ? ನಾವು ಬಂದಿದ್ದೇ ಹೊಳೆಗೆ. ಈಚೆಗೇ ಇಳಿಸು."

ಅವನು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಪ್ರತಿ ಮಳೆಗಾಲ ಯಾರಾದರೊಬ್ಬ ಕಂಡಕ್ಟರ್ ಹೀಗೆ ನನ್ನ ಮುಖ ನೋಡುತ್ತಾನೆ, ನಾನೂ ಹೀಗೇ ತಲೆಯಾಡಿಸುತ್ತೇನೆ. ಶಿವಮೊಗ್ಗದಲ್ಲಿ ತುಂಗೆ ತುಂಬಿ ಹೊಳೆಯ ನಡುವಿನ ಕಲ್ಲುಮಂಟಪ ಮುಳುಗಿತೆಂದು ಸುದ್ದಿಯಾದರೆ ಊರಿಗೆ ಊರೇ ಸೇತುವೆಯ ಮೇಲೆ ನಿಂತು ನೋಡುತ್ತದೆ. ಮೆಣಸಿನಕಾಯಿ ಬೋಂಡಾ ಮಾರುವವನಿಗೂ ಅವತ್ತು ಸುಗ್ಗಿ. ಭದ್ರಾವತಿಯ ಜನ್ನಾಪುರದ ನಮ್ಮ ಮನೆಗೂ ಆ ಸುದ್ದಿ ಮುಟ್ಟುತ್ತದೆ. ಆದರೆ ಅತ್ತೆಗೆ ಮಂಟಪದ ಲೆಕ್ಕ ಬೇಡ. ಅವರದು ಒಂದೇ ಪ್ರಶ್ನೆ: "ಎರಡೂ ದಡ ಮುಟ್ಟಿದ್ಯಾ?"

ಎರಡೂ ದಡ ಮುಟ್ಟಿ ಹರಿಯುವುದಕ್ಕೆ ಒಂದು ಪದವಿದೆ. ನಾನು ನೌಕರಿ ಮಾಡಿದ ಕಚೇರಿಯಲ್ಲಿ ಅದನ್ನು ದಿನಕ್ಕೆ ಹತ್ತು ಸಲವಾದರೂ ಬರೆದಿದ್ದೇನೆ. "ಕೂಲಂಕಷವಾಗಿ ಪರಿಶೀಲಿಸಿ ವರದಿ ಸಲ್ಲಿಸುವುದು." ಸಾಹೇಬರು ಕಡತದ ಮೇಲೆ ಹೀಗೆ ಬರೆದರೆಂದರೆ ಅದು ಇನ್ನೊಂದು ವರ್ಷ ಕಪಾಟಿನಲ್ಲಿ ಹಾಯಾಗಿ ಮಲಗುತ್ತದೆ ಎಂದೇ ನಮ್ಮಲ್ಲಿ ಅರ್ಥ. ಕೆಲವರಂತೂ ಕೂಲಂಕುಷ ಎಂದು ಬರೆದು ಪಾಪದ ಪದಕ್ಕೆ ಅಂಕುಶವನ್ನೂ ಚುಚ್ಚುತ್ತಿದ್ದರು. ನಾನು ಅದನ್ನು ತಿದ್ದುವಾಗೆಲ್ಲ ಕಚೇರಿಯ ಹಳೇ ಫ್ಯಾನಿನ ಗಾಳಿಯಲ್ಲೇ ಹೊಸ ನೀರಿನ ವಾಸನೆ ಬಂದು ಹೋಗುತ್ತಿತ್ತು. ಕಾರಣ, ನನಗೆ ಆ ಪದ ಸಿಕ್ಕಿದ್ದು ಕಡತದಲ್ಲಲ್ಲ, ಕೋಟೆಯ ಹೊಳೆ ಮೆಟ್ಟಿಲ ಮೇಲೆ.

ನನ್ನ ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು. ನಮ್ಮ ಮನೆ ಶಿವಮೊಗ್ಗದ ಕೋಟೆಯಲ್ಲಿ, ಸೇತುವೆಯ ಆಚೆ ದಡದಲ್ಲಿ, ದೇವಸ್ಥಾನದ ಹಿಂದಿನ ಓಣಿಯಲ್ಲಿ. ಓಣಿ ಮುಗಿದಲ್ಲಿ ತುಂಗೆ. ಮಳೆಗಾಲದಲ್ಲಿ ಒಂದು ದಿನ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಒದ್ದೆ ಮೆಟ್ಟಿಲ ಮೇಲೆ ನಿಲ್ಲಿಸಿದ್ದರು. ನೀರು ಕೆಂಪಗೆ, ದಪ್ಪಗೆ, ಸದ್ದು ಮಾಡದೆ ಹೋಗುತ್ತಿತ್ತು.

"ಕೂಲ ಅಂದ್ರೆ ದಡ. ಕಷ ಅಂದ್ರೆ ಉಜ್ಜೋದು. ದಡಾನ ಉಜ್ಜಿಕೊಂಡು ಹೋಗೋ ಹೊಳೆ ಕೂಲಂಕಷ. ನೋಡು, ಒಂದು ಗೇಣು ಜಾಗಾನೂ ಬಿಟ್ಟಿಲ್ಲ. ಆ ದಡದ ಬೇರೂ ಸವರಿದೆ, ಈ ದಡದ ಕಲ್ಲೂ ಸವರಿದೆ. ಹಾಗೆ ಒಂದನ್ನೂ ಬಿಡದೆ ಓದಿದವನಿಗೆ ಕೂಲಂಕಷವಾಗಿ ಓದಿದ ಅಂತಾರೆ. ನಿನ್ನ ಹಾಗೆ ನಡುವಿನ ಎರಡು ಪಾಠ ಓದಿ ಪರೀಕ್ಷೆಗೆ ಹೋಗೋದಕ್ಕಲ್ಲ."

ಹೀಗೆ ಹೇಳುವಾಗ ಅವರು ಎರಡೂ ಅಂಗೈಗಳನ್ನು ಎದುರುಬದುರು ಹಿಡಿಯುತ್ತಿದ್ದರು. ಅವು ದಡಗಳು. ಆಮೇಲೆ ಹತ್ತಿರ ತಂದು ಒಂದಕ್ಕೊಂದು ಉಜ್ಜುತ್ತಿದ್ದರು. ತರಗತಿಯಲ್ಲೂ ಇದೇ ಅಭಿನಯ. ಮೇಷ್ಟ್ರಿಗೆ ಚಳಿಯೆಂದು ಹುಡುಗರು ಬೆಂಚಿನ ಕೆಳಗೆ ನಗುತ್ತಿದ್ದರು. ಬೇಸಿಗೆಯ ಹೊಳೆ ತೋರಿಸಿ ಅಪ್ಪ ಇನ್ನೊಂದು ಮಾತು ಹೇಳುತ್ತಿದ್ದರು: "ಈಗ ಹೊಳೆಗೂ ದಡಕ್ಕೂ ಮಾತಿಲ್ಲ. ನಡುವೆ ಮರಳು ಬಂದು ಕೂತಿದೆ." ನಮ್ಮ ಅಮ್ಮ ಮುನಿಸಿಕೊಂಡ ದಿನಗಳಲ್ಲೂ ಇದೇ ಮಾತು ಉಪಯೋಗಕ್ಕೆ ಬರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ನನ್ನನ್ನು ಜನ್ನಾಪುರಕ್ಕೆ ಮದುವೆ ಮಾಡಿಕೊಟ್ಟರು. ಗಂಡ ನಾಗರಾಜ ಊರಿನ ಉಕ್ಕಿನ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದರು. ಮಾವ ಇರಲಿಲ್ಲ. ಮನೆಯಲ್ಲಿ ಅತ್ತೆ ಸಾವಿತ್ರಮ್ಮ, ಇವರು, ನಾನು. ನಮ್ಮ ಸಾಲಿನಲ್ಲಿ ಎಲ್ಲ ಭಾಷೆಯೂ ಇತ್ತು. ಎಡಗಡೆ ತಮಿಳಿನ ಕಮಲಕ್ಕ, ಬಲಗಡೆ ತೆಲುಗಿನವರು, ಎದುರಿಗೆ ಯಾವ ಭಾಷೆಯಲ್ಲೂ ಮಾತಾಡದ ಒಬ್ಬ ಫೋರ್‌ಮನ್. ಕಾರ್ಖಾನೆಯ ಸೈರನ್ನಿಗೆ ಅನ್ನಕ್ಕಿಡುವುದು, ಸೈರನ್ನಿಗೆ ಏಳುವುದು. ಗಂಟೆ, ಜಾಗಟೆ ಕೇಳಿ ಬೆಳೆದ ನನಗೆ ಮೊದಮೊದಲು ಎದೆ ಹಾರುತ್ತಿತ್ತು. ಆಮೇಲೆ ಅದೂ ಮನೆಯ ಒಂದು ಪಾತ್ರೆಯ ಸದ್ದಾಯಿತು.

ಮದುವೆಯ ಮರುವರ್ಷ ನಾನು ಬಸುರಿಯಾದೆ. ಬಸುರಿ ಹೊಳೆ ದಾಟಬಾರದು ಎನ್ನುವ ಮಾತು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಇದ್ದರೂ ಬಸ್ಸು, ಸೇತುವೆ ಬಂದ ಮೇಲೆ ಯಾರೂ ಅಷ್ಟಾಗಿ ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಬೇಸಿಗೆಯಲ್ಲಿ ಅತ್ತೆಯೂ ಸುಮ್ಮನಿದ್ದರು. ನಾನು ಎರಡು ಮೂರು ಸಲ ತವರಿಗೆ ಹೋಗಿಬಂದೆ. ಮಾವಿನಕಾಯಿ ಉಪ್ಪಿನಕಾಯಿ ತಿಂದು ಬಂದೆ. "ಈಗ ಅದು ಹೊಳೆಯೇನೇ? ಹೆಂಗಸರ ಬೈತಲೆ ಹಾಗಿದೆ. ಹೋಗ್ಬಾ" ಎಂದಿದ್ದರು.

ಆ ವರ್ಷ ಮಳೆ ಆಷಾಢಕ್ಕೆ ಮೊದಲೇ ಹಿಡಿಯಿತು. ಬಿಡಲಿಲ್ಲ. ಒಂದು ಬೆಳಿಗ್ಗೆ ಪೇಪರಿನಲ್ಲಿ ಮಂಟಪ ಮುಳುಗಿದ ಚಿತ್ರ ಬಂತು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮಡಿಸಿಟ್ಟು, "ಇನ್ನು ನೀನು ಆಚೆಗೆ ಹೋಗೋದು ಬೇಡ" ಎಂದರು.

ನಾನು ನಕ್ಕೆ. "ಶ್ರಾವಣದಲ್ಲಿ ಸೀಮಂತ ಮುಗಿಸಿ ಅಪ್ಪ ಕರ್ಕೊಂಡು ಹೋಗ್ತಾರಲ್ಲ ಅತ್ತೆ. ಬಾಣಂತನ ಅಲ್ಲೇ ತಾನೇ?"

"ನೀರು ಇಳೀಲಿ. ಹೊಳೆ ಎರಡೂ ದಡ ಬಿಡ್ಲಿ. ಆಮೇಲೆ ನಾನೇ ಕಳಿಸ್ತೀನಿ."

"ಸೇತುವೆ ಮೇಲೆ ಹೋಗೋದಲ್ವಾ? ನೀರಿಗೂ ನಮಗೂ ಏನು?"

"ಸೇತುವೆ ಕೆಳಗೆ ಏನಿರುತ್ತೆ, ಹೇಳು?"

ಗಂಡನ ಮುಖ ನೋಡಿದೆ. ಅವರು ಬಹಳ ಮುತುವರ್ಜಿಯಿಂದ ಸೈಕಲ್ಲಿನ ಚೈನು ಒರೆಸುತ್ತಿದ್ದರು.

ಸಂಜೆ ಕಮಲಕ್ಕನ ಮನೆಯ ಫೋನಿನಿಂದ ಅಪ್ಪನಿಗೆ ದೂರು ಕೊಟ್ಟೆ. ಕೋಟೆಯ ನಮ್ಮ ಓಣಿಯ ಅಂಗಡಿಗೆ ಫೋನು ಮಾಡಿ ಹೇಳಿದರೆ ಅಪ್ಪನನ್ನು ಕೂಗಿ ಕರೆಯುತ್ತಿದ್ದರು. ಅಪ್ಪ ಖುಷಿಯಾದರು. ವಾದಕ್ಕೆ ವಿಷಯ ಸಿಕ್ಕಿತ್ತು. ಎರಡೇ ದಿನದಲ್ಲಿ ಕಪ್ಪು ಕೊಡೆ, ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ, ಅಮ್ಮ ಮಾಡಿಕೊಟ್ಟ ಕೋಡುಬಳೆ, ಜೊತೆಗೆ ತಲೆಯಲ್ಲಿ ಶಾಸ್ತ್ರವೆಲ್ಲ ತುಂಬಿಕೊಂಡು ಜನ್ನಾಪುರಕ್ಕೆ ಬಂದಿಳಿದರು.

ಕಾಫಿ ಮುಗಿದ ಮೇಲೆ ಶುರುವಾಯಿತು. ಗ್ರಂಥಗಳಲ್ಲಿ ಗರ್ಭಿಣಿಗೆ ಬೇಡವೆಂದಿರುವುದು ಈಜಿ ದಾಟುವುದು, ದೋಣಿಯಲ್ಲಿ ದಾಟುವುದು. ಸೇತುವೆಯೆಂದರೆ ನೆಲವೇ. ನೆಲದ ಮೇಲೆ ನಡೆದರೆ ದಾಟಿದಂತೆ ಹೇಗಾದೀತು? ಅಪ್ಪ ಒಂದೊಂದನ್ನೂ ಎತ್ತಿ ಎತ್ತಿ ಇಟ್ಟರು. ಕೊನೆಗೆ ಅಂಗೈ ಉಜ್ಜಿ ಕೂಲಂಕಷವನ್ನೂ ವಿವರಿಸಿದರು. "ನೀವು ಎರಡೂ ದಡ ಮುಟ್ಟಿ ಅಂತೀರಲ್ಲ, ಅದಕ್ಕೆ ನಮ್ಮಲ್ಲಿ ಎಂಥ ಚೆಂದದ ಮಾತಿದೆ ನೋಡಿ."

ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಎಲ್ಲವನ್ನೂ ಕೇಳಿದರು. "ಮಾತು ಚೆಂದ ಇದೆ ಮೇಷ್ಟ್ರೇ. ಹೊಳೆ ಅಷ್ಟು ಚೆಂದ ಅಲ್ಲ."

ಅಪ್ಪ ಇನ್ನೇನೋ ಹೇಳಲು ಬಾಯಿ ತೆರೆದವರು ನಿಲ್ಲಿಸಿದರು. ಅತ್ತೆಯ ಕೈ ನೋಡಿದರು. ಬೆರಳುಗಳು ಆರಿಸಿದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸುತ್ತಿದ್ದವು.

"ಯಾವ ಹೊಳೆ ಅಮ್ಮಾ?" ಎಂದರು ಮೆಲ್ಲಗೆ.

"ಭದ್ರೆ."

ಅಷ್ಟೇ. ಅಪ್ಪ ಮುಂದೆ ಒಂದು ಅಕ್ಷರ ಕೇಳಲಿಲ್ಲ. ವಾದ ಗೆಲ್ಲುತ್ತಾರೆಂದು ಒಳಗೆ ಬಟ್ಟೆ ಜೋಡಿಸಿಟ್ಟುಕೊಂಡಿದ್ದ ನನಗೆ ಮೈಯೆಲ್ಲ ಉರಿಯಿತು. ಬಸ್‌ಸ್ಟಾಪಿನವರೆಗೆ ಹೋಗಿ ಅವರ ಕೊಡೆಯ ಕೆಳಗೇ ಜಗಳ ತೆಗೆದೆ. "ಅಷ್ಟು ದೂರದಿಂದ ಬಂದು ಸೋತು ಹೋಗ್ತಿದ್ದೀರಲ್ಲ ಅಪ್ಪ!"

"ಶಾಸ್ತ್ರಕ್ಕೆ ಉತ್ತರ ತಂದಿದ್ದೆ ಮಗಳೇ. ಅವರದು ಶಾಸ್ತ್ರ ಅಲ್ಲ, ಭಯ. ಅದಕ್ಕೆ ನನ್ನ ಹತ್ತಿರ ಏನಿದೆ? ಅವರು ಹೇಳಿದ ಹಾಗೆ ಕೇಳು. ಹೊಳೆ ಇಳಿದ ದಿನ ನಾನೇ ಬಂದು ಕರ್ಕೊಂಡು ಹೋಗ್ತೀನಿ. ದಿನಾ ನೋಡಿ ಹೇಳ್ತೀನಿ."

ಅಲ್ಲಿಂದ ನನ್ನ ಆ ವಿಚಿತ್ರ ಮಳೆಗಾಲ ಶುರು. ಇಡೀ ಶಿವಮೊಗ್ಗ ಹೊಳೆ ತುಂಬಿತೆಂದು ಬಾಗಿನ ಬಿಡುವಾಗ ನಾನೊಬ್ಬಳು ಇಳಿಯಲಿ ಇಳಿಯಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ. ಅಪ್ಪ ಸಂಜೆಯಾಗುತ್ತಲೇ ಕೊಡೆ ಹಿಡಿದು ಮೆಟ್ಟಿಲಿಗೆ ಹೋಗಿ ನೀರು ನೋಡಿ, ಎಸ್‌ಟಿಡಿ ಬೂತಿಗೆ ಬರುತ್ತಿದ್ದರು. ಕಮಲಕ್ಕ ಗೋಡೆಯಾಚೆಯಿಂದ "ವಸುಧಾ, ಅಪ್ಪಾ ಫೋನು, ಸೀಕ್ರಂ ವಾ!" ಎಂದು ಕೂಗುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ಓಡುತ್ತಿದ್ದೆ. "ಓಡ್ಬೇಡ್ವೇ ಮಾರಾಯ್ತಿ!" ಎನ್ನುವ ಅತ್ತೆಯ ಕೂಗು ನನ್ನ ಹಿಂದೆ ಓಡಿ ಬರುತ್ತಿತ್ತು.

"ಅಪ್ಪ, ಇವತ್ತು?"

"ಇವತ್ತೂ ಕೂಲಂಕಷ, ಮಗಳೇ."

ಆಮೇಲೆ ಬೂತಿನ ಬಾಗಿಲು ತೆರೆದು ರಿಸೀವರನ್ನು ಹೊರಗೆ ಚಾಚುತ್ತಿದ್ದರು. "ಕೇಳಿಸ್ತಾ ಹೊಳೆ?" ಎಂದು ಕೇಳುತ್ತಿದ್ದರು. ನನಗೆ ಕೇಳಿಸುತ್ತಿದ್ದುದು ಆಟೋ ಹಾರನ್ನು, ತಗಡಿನ ಮೇಲಿನ ಮಳೆ, ಯಾರದೋ ಕೆಮ್ಮು. "ಹೂಂ ಅಪ್ಪ, ಕೇಳಿಸ್ತು" ಎನ್ನುತ್ತಿದ್ದೆ. ಮನೆಗೆ ಬಂದ ಮೇಲೆ ಅತ್ತೆ ಕೇಳುತ್ತಿದ್ದರು, "ಏನಂತೆ ನಿಮ್ಮಪ್ಪನ ಆ ಪದ?" ಅವರು ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. "ಹಾಗೇ ಇದೆಯಂತೆ" ಎನ್ನುತ್ತಿದ್ದೆ. ಅತ್ತೆ ನನ್ನ ತಲೆಗೆ ಎಣ್ಣೆ ಒತ್ತುತ್ತಿದ್ದರು. ಕೋಪ ಮಾಡಿಕೊಳ್ಳೋಣವೆಂದರೆ ಆ ಬೆರಳುಗಳ ಹದಕ್ಕೆ ನನಗೆ ನಿದ್ದೆ ಬಂದುಬಿಡುತ್ತಿತ್ತು.

ಆ ದಿನಗಳ ಮಧ್ಯಾಹ್ನಗಳು ನನಗೆ ಈಗಲೂ ನಿಜವೋ ಕನಸೋ ತಿಳಿಯುವುದಿಲ್ಲ. ಹೊರಗೆ ಮಳೆ, ಒಳಗೆ ಇದ್ದಿಲ ಒಲೆಯ ಮೇಲೆ ಒಣಗುವ ಬಟ್ಟೆಗಳ ಹಬೆ, ದೂರದಲ್ಲಿ ಕಾರ್ಖಾನೆಯ ಗುಂಯ್ ಎನ್ನುವ ಸದ್ದು. ಕಣ್ಣು ಮುಚ್ಚಿದರೆ ನಮ್ಮ ಸಾಲಿನ ರಸ್ತೆಯಲ್ಲಿ ಕೆಂಪು ನೀರು ಏರಿಬರುತ್ತಿತ್ತು. ನಮ್ಮ ಜಗಲಿಯನ್ನೂ ಎದುರಿನ ಫೋರ್‌ಮನ್ನನ ಜಗಲಿಯನ್ನೂ ಒಟ್ಟಿಗೆ ಮುಟ್ಟಿ ನಿಲ್ಲುತ್ತಿತ್ತು. ಕಮಲಕ್ಕ ಬಾಗಿಲಲ್ಲಿ ಇಟ್ಟ ರಂಗೋಲಿಯ ಚುಕ್ಕಿಗಳು ಅಳಿಸದೆ ತೇಲುತ್ತಿದ್ದವು. ನೀರಿನ ಮೇಲೆ ಅಪ್ಪನ ಕೊಡೆ ಮಗುಚಿಕೊಂಡು ದೋಣಿಯಾಗಿ ಬರುತ್ತಿತ್ತು. ಅದರಲ್ಲಿ ಯಾರಿದ್ದಾರೆಂದು ಬಗ್ಗಿ ನೋಡುವಷ್ಟರಲ್ಲಿ ಹೊಟ್ಟೆಯೊಳಗಿನ ಕೂಸು ಒದ್ದು ಎಬ್ಬಿಸುತ್ತಿತ್ತು. ಎದ್ದು ಕೂತು ಲೆಕ್ಕ ಹಾಕುತ್ತಿದ್ದೆ. ಭದ್ರೆ ಇಲ್ಲಿ ಹೋಗುತ್ತಾಳೆ, ತುಂಗೆ ಅಲ್ಲಿ ಹೋಗುತ್ತಾಳೆ, ಕೂಡಲಿಯಲ್ಲಿ ಇಬ್ಬರೂ ಸೇರುತ್ತಾರೆ. ಅಪ್ಪ ನೋಡಿದ ನೀರಿಗೂ ನಮ್ಮೂರ ನೀರಿಗೂ ಅಲ್ಲಿ ಭೇಟಿಯಾಗುತ್ತದೆ. ನಮ್ಮಿಬ್ಬರಿಗೆ ಮಾತ್ರ ಇಲ್ಲ. ಹಾಗೆ ಅನ್ನಿಸಿದಾಗ ಅಳು ಬರುತ್ತಿತ್ತು. ಅತ್ತೆಗೆ ಕಾಣದಂತೆ ಅಳುತ್ತಿದ್ದೆ.

ಶ್ರಾವಣ ಬಂತು. ಸೀಮಂತ ಜನ್ನಾಪುರದಲ್ಲೇ ಆಯಿತು. ಅಪ್ಪ ಅಮ್ಮ ಬಂದು ಹಸಿರು ಸೀರೆ ಉಡಿಸಿದರು. ಅಪ್ಪ ಸಾಲಿನಲ್ಲಿ ಕೂತು ಊಟ ಮಾಡುವಾಗ ಎರಡು ಸಲ ಎದೆ ನೀವಿಕೊಂಡಿದ್ದು ನನಗೆ ಕಂಡಿತ್ತು. ಚಿರೋಟಿ ಹೆಚ್ಚಾಯಿತೇನೋ ಅಂದುಕೊಂಡೆ. ಹೊರಡುವಾಗ "ಇನ್ನೊಂದು ವಾರ ಮಗಳೇ, ಮಳೆ ಹಿಂದೆ ಸರೀತಿದೆ" ಎಂದರು.

ಮಳೆ ಸರಿಯಲಿಲ್ಲ. ಫೋನು ಸರಿಯಿತು. ಒಂದು ಸಂಜೆ ಕಮಲಕ್ಕ ಕೂಗಲಿಲ್ಲ. ಮರುದಿನವೂ ಇಲ್ಲ. ಮೂರನೇ ಸಂಜೆ ಫೋನು ಬಂತು, ಆದರೆ ಅಮ್ಮನದು. "ಅಪ್ಪಂಗೆ ಸ್ವಲ್ಪ ಶೀತ ಕಣೇ. ಮೆಟ್ಟಿಲು ಹತ್ತಿ ಇಳಿಯೋದು ಬೇಡ ಅಂತ ನಾನೇ ಹೇಳಿದೀನಿ." ನಮ್ಮಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳುವಾಗ ದನಿ ವಿನಾಕಾರಣ ಉತ್ಸಾಹದಿಂದಿರುತ್ತದೆ.

ವಾರದ ರಜೆಯ ದಿನ ಇವರು ಕೋಟೆಗೆ ಹೋಗಿಬಂದರು. ಒದ್ದೆ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಬರದೆ ನಿಂತರು.

"ಹೃದಯದ ರಕ್ತನಾಳ ಕಟ್ಟಿದ್ಯಂತೆ. ಘಟ್ಟದ ಕೆಳಗಿನ ದೊಡ್ಡಾಸ್ಪತ್ರೇಲಿ ಆಪರೇಷನ್ ಮಾಡ್ಬೇಕಂತೆ. ನಾಳೆ ಬೆಳಿಗ್ಗೆ ಕಾರು ಮಾಡ್ಕೊಂಡು ಹೊರಡ್ತಾರೆ. ನಿಂಗೆ ಹೇಳ್ಬೇಡ ಅಂದ್ರು ಅವರು. ನಂಗೆ ಹೇಳ್ದೆ ಇರೋಕಾಗಲಿಲ್ಲ."

ಘಟ್ಟ ಇಳಿಯುವ ದಾರಿ ಕೋಟೆಯಿಂದ ಆಚೆಗೇ ಆಚೆಗೇ ಹೋಗುತ್ತದೆ. ಅವರು ಈಚೆ ದಡಕ್ಕೆ ಬರುವ ಪ್ರಮೇಯವೇ ಇಲ್ಲ. ನಾನು ಎದ್ದು ಗೂಟದಲ್ಲಿದ್ದ ಚೀಲ ತೆಗೆದೆ. "ನಾನು ಹೋಗ್ತೀನಿ. ಈಗಲೇ ಹೋಗ್ತೀನಿ. ಯಾರು ಏನಾದ್ರೂ ಅಂದ್ಕೊಳ್ಳಿ" ಎಂದೆ. ಇವರು ಅವರಮ್ಮನ ಕಡೆ ನೋಡಿದರು. ಅತ್ತೆ ಒಲೆಯ ಮುಂದೆ ಕೂತಿದ್ದರು. ತಿರುಗಲಿಲ್ಲ.

"ನಾಗು ಹೊಟ್ಟೇಲಿ ಬರೋಕೆ ಮುಂಚೆ ಒಂದು ಇತ್ತು" ಎಂದರು. ಒಲೆಗೆ ಹೇಳುವ ಹಾಗೆ ಹೇಳಿದರು. "ನಮ್ಮ ತವರು ಭದ್ರೆಯಾಚೆ. ಆಗ ಸೇತುವೆ ಇಲ್ಲ ಆ ಕಡೆ, ಹರಿಗೋಲು. ನಮ್ಮಪ್ಪಂಗೆ ಕಾಯಿಲೆ ಅಂತ ಹೇಳಿ ಕಳಿಸಿದ್ರು. ನಮ್ಮತ್ತೆ ಬೇಡ ಬೇಡ ಅಂದ್ರು. ನಾನು ಕೇಳ್ಲಿಲ್ಲ. ಹಟ ಮಾಡಿ ಹೊರಟೆ. ಹೊಳೆ ಎರಡೂ ದಡ ಮುಟ್ಟಿತ್ತು. ನಡುವೆ ಹೋಗ್ತಿದ್ದ ಹಾಗೆ ಹರಿಗೋಲು ಗಿರ್ರ್ ಅಂತ ತಿರುಗೋಕೆ ಶುರುವಾಯ್ತು. ಒಂದು ಮರದ ದಿಮ್ಮಿ ಬಂದು ಹೊಡೀತು. ಮಗುಚಲಿಲ್ಲ. ಯಾರಿಗೂ ಏನೂ ಆಗ್ಲಿಲ್ಲ ಅಂತ ಎಲ್ರೂ ದೇವರಿಗೆ ಕಾಯಿ ಒಡೆದ್ರು. ನಂಗೆ ಅವತ್ತು ಸಂಜೆ ನೋವು ಬಂತು. ನಾನು ದಡ ಮುಟ್ಟಿದೆ ಕಣೇ. ಮಗು ಮುಟ್ಟಲಿಲ್ಲ."

ಇವರಿಗೂ ಇದು ಗೊತ್ತಿರಲಿಲ್ಲ. ಬಾಗಿಲಲ್ಲೇ ಕುಸಿದು ಕೂತರು. ಒಲೆಯ ಮೇಲಿನ ಹಾಲು ಉಕ್ಕಿತು. ಯಾರೂ ಏಳಲಿಲ್ಲ.

"ಸೇತುವೆಗೂ ಹರಿಗೋಲಿಗೂ ವ್ಯತ್ಯಾಸ ನಂಗೆ ತಿಳಿಯಲ್ವಾ? ತಿಳಿಯುತ್ತೆ. ಆದ್ರೂ ಆಗಲ್ಲ. ನಾಳೆ ಹೋಗು. ನಾನು ಇನ್ನು ಬೇಡ ಅನ್ನಲ್ಲ. ನಮ್ಮಪ್ಪನ್ನ ನೋಡ್ಬೇಕು ಅಂತ ನಾನೂ ಹೊರಟವಳೇ ತಾನೇ."

ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿ ಯಾಕೆ ಸುಮ್ಮನಾಗಿದ್ದರೆಂದು ನನಗೆ ಆಗ ತಿಳಿಯಿತು. ಅವರಿಗೆ ವಿವರ ಗೊತ್ತಿರಲಿಲ್ಲ, ನೋವು ಗೊತ್ತಾಗಿತ್ತು. ಬಾಗಿಲು ತೆರೆದಿತ್ತು, ಚೀಲ ಕೈಯಲ್ಲಿತ್ತು, ತಡೆಯುವವರು ಯಾರೂ ಇರಲಿಲ್ಲ. ವಿಚಿತ್ರವೆಂದರೆ ಆಗ ನನಗೆ ಕಾಲೇ ಬರಲಿಲ್ಲ. ನಾನು ಸೇತುವೆಯ ಆ ತುದಿ ಮುಟ್ಟುವವರೆಗೆ ಈ ಹೆಂಗಸು ಈ ಒಲೆಯ ಮುಂದೆ ಹರಿಗೋಲಿನಲ್ಲಿ ಕೂತಿರುತ್ತಾಳೆ ಎನ್ನಿಸಿತು. ಅಪ್ಪ ಸೋತ ಜಾಗದಲ್ಲಿ ನಾನು ಗೆಲ್ಲುವುದು ಹೇಗೆ?

"ಅತ್ತೆ, ನೀವೂ ಬನ್ನಿ. ದಾಟೋದು ಬೇಡ. ದಡದವರೆಗೆ ಹೋಗೋಣ" ಎಂದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಮೂವರೂ ಹೊರಟೆವು. ಅತ್ತೆ ಒಂದು ಪುಟ್ಟ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಹೂವು ಇಟ್ಟುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಅವರು ಹೊಳೆಯ ಹತ್ತಿರ ಹೋಗಿ ಎಷ್ಟು ವರ್ಷವಾಗಿತ್ತೋ. ಮಲವಗೊಪ್ಪ ದಾಟಿ ಆ ವಾಸನೆ ಬಂದಾಗ ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ನಾವಿಬ್ಬರೂ ಸೇತುವೆಗೆ ಮೊದಲೇ ಇಳಿದೆವು. ಇವರು ಅದೇ ಬಸ್ಸಿನಲ್ಲಿ ಮುಂದೆ ಹೋದರು, ಅಪ್ಪನ ಕಾರನ್ನು ಕೋಟೆಯ ಮೆಟ್ಟಿಲ ಬಳಿ ಒಂದು ನಿಮಿಷ ನಿಲ್ಲಿಸಲು.

ಸೇತುವೆಯ ಪಕ್ಕದ ಇಳಿಜಾರಿನಲ್ಲಿ ಬಟ್ಟೆ ಒಗೆಯುವ ಕಲ್ಲುಗಳೆಲ್ಲ ಮುಳುಗಿದ್ದವು. ನೀರು ಹುಲ್ಲಿನ ಬುಡಕ್ಕೇ ಬಂದಿತ್ತು. ಮಂಟಪ ಎಲ್ಲಿತ್ತೋ ಅಲ್ಲಿ ಬರೀ ಒಂದು ಸುಳಿ. ಮಳೆ ಆಗಷ್ಟೇ ನಿಂತು ಹೊಳೆಯ ಮೇಲೆ ಹೊಗೆಯಂಥ ಮಂಜು. ಆಚೆ ದಡದ ದೇವಸ್ಥಾನದ ಗೋಡೆ, ಮರಗಳು, ಮೆಟ್ಟಿಲು ಎಲ್ಲ ನೀರಿನಲ್ಲಿ ಕರಗಿ ಮತ್ತೆ ಮೂಡುತ್ತಿದ್ದವು. ಎಷ್ಟು ಹೊತ್ತು ನಿಂತಿದ್ದೆವೋ ತಿಳಿಯದು. ನನಗೆ ಮಧ್ಯಾಹ್ನದ ಕನಸೇ ಮುಂದುವರಿದಂತಿತ್ತು.

ಆಮೇಲೆ ಆಚೆ ಮೆಟ್ಟಿಲ ಮೇಲೆ ಒಂದು ಬಿಳಿ ಪಂಚೆ ಕಾಣಿಸಿತು. ಬೆರಳಿನಷ್ಟು ಎತ್ತರದ ಅಪ್ಪ. ಪಕ್ಕದಲ್ಲಿ ಅಮ್ಮ, ಇನ್ನೊಂದು ಪಕ್ಕ ಇವರು. ನಾನು ಸೀಮಂತದ ಹಸಿರು ಸೀರೆ ಉಟ್ಟುಕೊಂಡು ಹೋಗಿದ್ದೆ, ಗುರುತು ಸಿಗಲೆಂದು. ಸೆರಗು ಬಿಚ್ಚಿ ಬೀಸಿದೆ. "ಅಪ್ಪಾ!" ಎಂದು ಕೂಗಿದೆ. ಹೊಳೆ ಅದನ್ನು ಎತ್ತಿಕೊಂಡು ಹೋಯಿತು. ಅಪ್ಪ ಕೊಡೆಯನ್ನು ಇವರ ಕೈಗೆ ಕೊಟ್ಟರು. ಎರಡೂ ಕೈಗಳನ್ನು ತಲೆಯ ಮೇಲೆತ್ತಿ ದೂರ ದೂರ ಹಿಡಿದರು. ಮೆಲ್ಲಗೆ ಹತ್ತಿರ ತಂದರು. ಒಂದಕ್ಕೊಂದು ಉಜ್ಜಿದರು.

ನಾನು ನಗುತ್ತಿದ್ದೆ, ಅಳುತ್ತಿದ್ದೆ. ನಾನೂ ಕೈಯೆತ್ತಿ ಉಜ್ಜಿದೆ. ಅತ್ತೆ ನನ್ನ ಮುಖ, ಆಚೆ ದಡ, ಎರಡನ್ನೂ ನೋಡುತ್ತಿದ್ದರು. ಅಪ್ಪ ಇವರ ಭುಜ ಹಿಡಿದು ಬಗ್ಗಿ, ಮೆಟ್ಟಿಲಿಗೆ ತಾಗಿದ ನೀರನ್ನು ಮುಟ್ಟಿ ತಲೆಗೆ ಚಿಮುಕಿಸಿಕೊಂಡರು. ನನಗೂ ಹಾಗೆ ಮಾಡಬೇಕೆನ್ನಿಸಿತು. ಬಗ್ಗಲು ಹೋದೆ. ಹೊಟ್ಟೆ ಬಿಡಲಿಲ್ಲ, ಕೆಸರು ಜಾರಿತು.

"ಇರು" ಎಂದರು ಅತ್ತೆ.

ಮೊರವನ್ನು ಹುಲ್ಲಿನ ಮೇಲಿಟ್ಟು ಸೀರೆ ಎತ್ತಿ ಕಟ್ಟಿದರು. ನನ್ನನ್ನು ಹಿಂದೆ ಸರಿಸಿ, ಮೊರ ಎತ್ತಿಕೊಂಡು ತಾವು ಒಂದೊಂದೇ ಹೆಜ್ಜೆ ಇಳಿದರು. ನೀರು ಅವರ ಪಾದ ಮುಟ್ಟಿತು. ಒಂದು ಕ್ಷಣ ಕಣ್ಣು ಮುಚ್ಚಿ ನಿಂತರು. ತುಟಿ ಅಲುಗುತ್ತಿತ್ತು. ಬೈದರೋ ಬೇಡಿಕೊಂಡರೋ ನನಗೆ ತಿಳಿಯಲಿಲ್ಲ. ಮೊರವನ್ನು ಬಾಗಿನವಾಗಿ ನೀರಿಗೆ ಬಿಟ್ಟು, ಬೊಗಸೆ ತುಂಬ ಕೆಂಪು ನೀರು ಎತ್ತಿ ತಂದರು. ಅರ್ಧ ನನ್ನ ತಲೆಗೆ ಸುರಿದರು, ಉಳಿದರ್ಧ ನನ್ನ ಹೊಟ್ಟೆಯ ಮೇಲೆ ಸವರಿದರು. ತಣ್ಣಗಿತ್ತು. ಕೂಸು ಒಳಗೆ ಹೊರಳಿತು.

"ಅದ್ಕೂ ಗೊತ್ತಾಯ್ತು" ಎಂದರು ಅತ್ತೆ. ಅವರ ಮುಖದ ಮೇಲಿದ್ದುದು ಹೊಳೆಯ ನೀರೋ ಕಣ್ಣೀರೋ ಎಂದು ನಾನು ಕೇಳಲಿಲ್ಲ.

ಕಾರು ಹೊರಟಿತು. ಮರಗಳ ನಡುವೆ ಸ್ವಲ್ಪ ದೂರ ಕಂಡು ಮರೆಯಾಯಿತು.

ಆಪರೇಷನ್ ಆಯಿತು. ಅಪ್ಪನಿಗೆ ಎಚ್ಚರವೂ ಆಯಿತು. ಎಚ್ಚರವಾದಾಗ ಅಮ್ಮನಿಗೆ "ಹೊಳೆ ಇಳೀತಾ ಕೇಳು, ಮಗಳನ್ನ ಕರ್ಕೊಂಡು ಬರ್ಬೇಕು" ಎಂದರಂತೆ. ಕೆಲವು ದಿನಗಳ ಮೇಲೆ ಜ್ವರ ಬಂದು ಹೋಗಿಬಿಟ್ಟರು. ನನ್ನ ಬಾಣಂತನಕ್ಕೆ ನಾನು ತವರಿಗೆ ಹೋಗಲಿಲ್ಲ. ಅಮ್ಮನೇ ಹೊಳೆ ದಾಟಿ ಬಂದಳು. ಹೆಣ್ಣು ಮಗು. ಇಬ್ಬರು ಅಜ್ಜಿಯರೂ ಸೇರಿ ಎರೆದರು.

ಒಂದು ಸೇತುವೆ ದಾಟಲು ಆಗಲಿಲ್ಲವೇ ಎಂದು ಕೇಳಿದವರಿದ್ದಾರೆ. ಬೇಸಿಗೆಯಲ್ಲಿ ಮರಳು ಕಾಣುವ ತಿಂಗಳುಗಳಲ್ಲಿ ನಾನೂ ಕೇಳಿಕೊಳ್ಳುತ್ತೇನೆ. ಹತ್ತಿರ ಕೂತು ಕೈ ಹಿಡಿಯಬಹುದಿತ್ತು, ದನಿ ಕೇಳಬಹುದಿತ್ತು. ಹೊಳೆ ತುಂಬಿದಾಗ ಆ ಪ್ರಶ್ನೆ ಬರುವುದಿಲ್ಲ. ಅವತ್ತು ಅಪ್ಪ ಮುಟ್ಟಿದ ಹೊಳೆಯೇ ನನ್ನ ತಲೆಯ ಮೇಲೂ ಬಿತ್ತು. ಅದನ್ನು ತಂದುಕೊಟ್ಟವರು ಅದಕ್ಕೆ ಎಲ್ಲರಿಗಿಂತ ಹೆಚ್ಚು ಹೆದರಿದವರು.

ಮೊನ್ನೆ ಬಸ್ಸಿಳಿದು ಇಳಿಜಾರಿಗೆ ಹೋದಾಗ ನೀರು ಅವತ್ತಿನ ಹಾಗೆಯೇ ಹುಲ್ಲಿನ ಬುಡಕ್ಕೆ ಬಂದಿತ್ತು. ಅತ್ತೆ ಅಭ್ಯಾಸಬಲದಿಂದ ಸೀರೆ ಎತ್ತಿ ಕಟ್ಟಲು ನೋಡಿದರು. ಮಂಡಿ ಬಗ್ಗಲಿಲ್ಲ. ಒಂದು ಕೈ ನನ್ನ ಭುಜದ ಮೇಲಿಟ್ಟು ಹಾಗೇ ನಿಂತರು.

"ಇರಿ ಅತ್ತೆ" ಎಂದೆ. ಅವರನ್ನು ಕಲ್ಲಿನ ಮೇಲೆ ಕೂರಿಸಿ ನಾನು ಇಳಿದು ಬೊಗಸೆ ತುಂಬ ನೀರು ತಂದೆ. ಬಿಳಿ ಕೂದಲಿನ ಮೇಲೆ ಕೆಂಪು ನೀರು ಇಳಿಯಿತು. ಅವರು ಕಣ್ಣು ಮುಚ್ಚಿ ಅದನ್ನು ಮುಖದ ತುಂಬ ಸವರಿಕೊಂಡರು. ಆಮೇಲೆ ಆ ಮಂಜುಗಣ್ಣು ಬಿಟ್ಟು, ಕಾಣದ ಆಚೆ ದಡದ ಮೆಟ್ಟಿಲಿನ ಕಡೆ ಮುಖ ಮಾಡಿ, ಎರಡೂ ಅಂಗೈ ಮೆಲ್ಲಗೆ ಉಜ್ಜಿ, ಫೋನಿನಲ್ಲಿ ಹೇಳುವಷ್ಟು ಜೋರಾಗಿ ಹೇಳಿದರು:

"ಇವತ್ತೂ ಕೂಲಂಕಷ, ಮೇಷ್ಟ್ರೇ."